ಕೆರೆ ಕಟ್ಟಿದವರು ಯಾರು?

(ಪಕ್ಷದ ಜಿಲ್ಲಾ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಶಿಬಿರದ ವ್ಯವಸ್ಥಾಪಕರು ನನಗೆ ವಹಿಸಿರುವ ವಿಷಯ ‘ನಮ್ಮ ಸೀಮೆಯ ಕೆರೆಗಳು, ನೆಲ ಮತ್ತು ಜನರ ಸಂಸ್ಕೃತಿ’ ಎಂಬುದು. ಬೆಳಗಿನಿಂದ ತಾವು ಬೆಲೆಯೇರಿಕೆ, ಪಂಚಾಯತಿ ಚುನಾವಣೆ ಮುಂತಾದ ಬಿಸಿ ವಿಷಯಗಳನ್ನು ಚರ್ಚಿಸಿದ್ದೀರಿ. ಊಟವಾದ ಮೇಲೆ ಕೆರೆಯನ್ನು ಇಟ್ಟಿರುವುದು ಸ್ವಲ್ಪ ತಂಪಾಗಲಿ ಎಂದಿರಬಹುದು. ಕೆರೆಯ ವಿಷಯ ಅಷ್ಟೇನೂ ತಂಪಾದುದಲ್ಲ. ನಾನು ವಿದ್ವಾಂಸನಲ್ಲ, ಮೆಟ್ರಿಕ್ ಮುಗಿಸಿ ಕೆಲವು ವರ್ಷ ಹಳ್ಳಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಆದುದರಿಂದ ಪಂಡಿತರ ರೀತಿಯಲ್ಲಿ ಹೇಳಲಾರೆ. ಕೇಳಿದ್ದನ್ನೂ ಓದಿದ್ದನ್ನೂ ಏರಿಯ ಮೇಲೆ ನಡೆದು ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ನೆಲ. ನಮ್ಮ ತುಮಕೂರು, ಕೋಲಾರ, ಚಿತ್ರದುರ್ಗದ ಬಯಲುಸೀಮೆಗೆ ವರ್ಷವೆಲ್ಲಾ ಹರಿಯುವ ನದಿಯ ಭಾಗ್ಯವಿಲ್ಲ. ಉತ್ತರ ಪಿನಾಕಿನಿ, ಪಾಲಾರ್, ಜಯಮಂಗಲಿ ಎಂಬ ಹೆಸರುಗಳೇನೋ ಇವೆ. ಬೇಸಗೆಯಲ್ಲಿ ಹೋಗಿ ನೋಡಿದರೆ ಮರಳು ಕಾಣುತ್ತದೆ. ಮಳೆ ಬೀಳುವುದು ವರ್ಷದಲ್ಲಿ ಕೆಲವೇ ದಿನ. ಬಿದ್ದ ನೀರು ಕಲ್ಲುನೆಲದ ಮೇಲೆ ಜಾರಿ ಓಡಿಹೋಗುತ್ತದೆ. ಹೀಗಿರುವಾಗ ಇಲ್ಲಿ ಭತ್ತ ಬೆಳೆದದ್ದು ಹೇಗೆ? ತೆಂಗು, ಅಡಿಕೆ ನಿಂತದ್ದು ಹೇಗೆ? ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಂದು ಕಡೆ ತೂಬು, ಇನ್ನೊಂದು ಕಡೆ ಕೋಡಿ ಇಟ್ಟು, ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದಕ್ಕೂ ಕೆಳಗಿನದಕ್ಕೆ ಹೋಗುವಂತೆ ನಮ್ಮವರು ಸರಣಿಯನ್ನೇ ಕಟ್ಟಿದರು. ಮೇಲಿನ ಊರಿನವನು ಕೋಡಿಯನ್ನು ಒಂದು ಗೇಣು ಎತ್ತರಿಸಿದರೆ ಕೆಳಗಿನ ಊರಿನ ಗದ್ದೆ ಒಣಗುತ್ತದೆ. ಆದುದರಿಂದ ಕೆರೆಯೆಂದರೆ ಊರೂರುಗಳ ನಡುವಿನ ಒಪ್ಪಂದ ಎಂದು ಮೊದಲು ತಿಳಿಯಬೇಕು.

1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ ಎಂಬ ಬ್ರಿಟಿಷ್ ಅಧಿಕಾರಿ ಈ ಸೀಮೆಯನ್ನು ನೋಡಿ, ಹೊಸದಾಗಿ ಇನ್ನೊಂದು ಕೆರೆ ಕಟ್ಟಲು ಜಾಗ ಹುಡುಕಬೇಕಾದರೆ ಬಹಳ ಬುದ್ಧಿ ಖರ್ಚು ಮಾಡಬೇಕಾದೀತು ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಅವನ ಹೆಸರಿನ ಕೆರೆಯೊಂದು ಬೆಂಗಳೂರಿನಲ್ಲಿದೆ, 1882ರಲ್ಲಿ ಆದದ್ದು. ಇಂದಿನ ಕರ್ನಾಟಕದಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಕ್ಕಿರುವ ಕೆರೆಗಳು ಸುಮಾರು 36,000. ಇವುಗಳಲ್ಲಿ ಬಹುಪಾಲು ಸ್ಯಾಂಕಿಯ ಇಂಜಿನಿಯರಿಂಗ್ ಇಲಾಖೆ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಇದ್ದವು. ಹಾಗಾದರೆ ಕಟ್ಟಿದವರು ಯಾರು?

ಶಾಲೆಯ ಪುಸ್ತಕ ತೆಗೆದರೆ ಉತ್ತರ ಸಿದ್ಧವಾಗಿದೆ: ರಾಜರು. ಸುಳ್ಳಲ್ಲ, ಶಾಸನಗಳಲ್ಲಿ ಹಾಗೆಯೇ ಇದೆ. ಚಿತ್ರದುರ್ಗದ ಬಳಿ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ, ನಾಲ್ಕನೆಯ ಶತಮಾನದ್ದು. ಅದರ ವಿಷಯವೇ ಕೆರೆ. ಶಿಕಾರಿಪುರದ ತಾಳಗುಂದದ ಕಂಬವು ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ಮಾಡಿಸಿದನೆಂದು ಹೊಗಳುತ್ತದೆ. ಬೆಂಗಳೂರಿನ ಪಕ್ಕದ ಅಗರದಲ್ಲಿ ಗಂಗರ ಕಾಲದ, ಒಂಬತ್ತನೆಯ ಶತಮಾನದ ಒಂದು ಕನ್ನಡ ಶಾಸನವಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎಂಬುವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂರನೆಯದನ್ನು ಕಟ್ಟಿಸಿ, ಮೂರಕ್ಕೂ ಬಿತ್ತುವಟ್ಟವನ್ನು ಪಡೆದನಂತೆ. ಬಿತ್ತುವಟ್ಟ ಎಂಬ ಈ ಶಬ್ದವನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ನೆರೆಯ ಕಡಪ ಜಿಲ್ಲೆಯ ಪೊರುಮಾಮಿಳ್ಳದ ಶಾಸನ. 1369ರಲ್ಲಿ ವಿಜಯನಗರದ ಭಾಸ್ಕರ ಎಂಬ ರಾಜಕುಮಾರ ಹಾಕಿಸಿದ್ದು. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕು, ಆರು ದೋಷಗಳು ಇರಬಾರದು ಎಂದು ಪಟ್ಟಿ ಕೊಡುತ್ತದೆ. ನೀರು ಕಡಿಮೆಯಿದ್ದು ನೆಲ ಹೆಚ್ಚಾಗಿರುವುದು ಒಂದು ದೋಷ. ನೀರು ಹೆಚ್ಚಿದ್ದು ನೆಲ ಕಡಿಮೆಯಿರುವುದೂ ದೋಷವೇ. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು ದೋಷ. (ಮದರಾಸಿನವರ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕೆಲಸ ಮಾಡಕೂಡದೆಂದು 1892ರಲ್ಲಿ ಒಪ್ಪಂದವಾಯಿತಲ್ಲ, ಆಗ ನಮ್ಮ ಸೀಮೆಗೆ ಈ ದೋಷದ ಅನುಭವ ಚೆನ್ನಾಗಿಯೇ ಆಯಿತು.) ಹನ್ನೆರಡು ಅಂಗಗಳಲ್ಲಿ ಒಂದು, ಕಟ್ಟುವ ವಿದ್ಯೆ ಬಲ್ಲ ಆಳುಗಳ ತಂಡ. ಅಲ್ಲಿಗೆ ಆಳುಗಳನ್ನು ಕಲ್ಲು, ಮಣ್ಣು, ಬೆಟ್ಟ, ತೊರೆಗಳ ಸಾಲಿನಲ್ಲಿ ಸೇರಿಸಿದಂತಾಯಿತು. ಆಮೇಲೆ ಶಾಸನ ಹೇಳುತ್ತದೆ: ಈ ಕೆರೆಗೆ ದಿನವೂ ಸಾವಿರ ಜನ ಕೂಲಿಗಳು, ಕಲ್ಲು ಹೊರಲು ನೂರು ಗಾಡಿಗಳು, ಎರಡು ವರ್ಷ ಕಾಲ. ಕಟ್ಟಿಸಿದ ರಾಜಕುಮಾರನ ವಂಶಾವಳಿ ಇದೆ. ಸಾವಿರ ಜನರ ಸಂಖ್ಯೆ ಮಾತ್ರ ಇದೆ.

ಆ ಸಾವಿರ ಜನ ಯಾರೆಂದು ನಮ್ಮ ಸೀಮೆಯಲ್ಲಿ ಕೇಳಿ ತಿಳಿಯಬೇಕಾಗಿಲ್ಲ. ಮಣ್ಣೊಡ್ಡರು, ಕಲ್ಲೊಡ್ಡರು, ಉಪ್ಪಾರರು. ಕತ್ತೆ, ಕೋಣಗಳನ್ನು ಹೊಡೆದುಕೊಂಡು, ಮನೆಯನ್ನು ಗಾಡಿಯ ಮೇಲಿಟ್ಟುಕೊಂಡು, ಕೆಲಸ ಕರೆದ ಕಡೆಗೆ ಹೋಗಿ ಏರಿ ಎತ್ತಿದರು. ಏರಿಗೆ ಯಾವ ಮಣ್ಣು ನಿಲ್ಲುತ್ತದೆ, ಯಾವುದು ಸೋರುತ್ತದೆ ಎಂಬುದನ್ನು ಅಂಗೈಯಲ್ಲಿ ಹಿಸುಕಿ ಹೇಳಬಲ್ಲವರು. ಏರಿ ಮುಗಿದ ಮೇಲೆ ಅದರ ಕೆಳಗಿನ ಗದ್ದೆಯಲ್ಲಿ ಅವರಿಗೆ ಒಂದು ಮಡಿ ಸಿಕ್ಕಿತೋ? ನಮ್ಮ ಜಿಲ್ಲೆಯ ಭೋವಿ ಕಾಲೋನಿಗಳಿಗೆ ಹೋಗಿ ಪಹಣಿ ನೋಡಿದರೆ ಗೊತ್ತಾಗುತ್ತದೆ.

ಕಲ್ಲು ಬಿಟ್ಟದ್ದನ್ನು ಹಾಡು ಹಿಡಿದಿದೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ತಾವೆಲ್ಲರೂ ಬಲ್ಲಿರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಜೋಯಿಸರು ಹೊತ್ತಿಗೆ ತೆಗೆದು, ಮನೆಯ ಸೊಸೆಯೊಬ್ಬಳನ್ನು ಆಹುತಿ ಕೊಡಬೇಕು ಎನ್ನುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಯದೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಅವನನ್ನು ಕೇಳುವುದಿಲ್ಲ. ಕೊನೆಗೆ ನೀರು ಏರುತ್ತದೆ, ಅವಳು ಮುಳುಗುತ್ತಾಳೆ. ಸುದ್ದಿ ತಿಳಿದು ಬಂದ ಗಂಡನೂ ಅದೇ ಕೆರೆಗೆ ಹಾರುತ್ತಾನೆ.

ನಾನು ಮಾಸ್ತರನಾಗಿದ್ದಾಗ ಈ ಪದ್ಯಕ್ಕೆ ಪರೀಕ್ಷೆಯಲ್ಲಿ ಬರುತ್ತಿದ್ದ ಪ್ರಶ್ನೆ ಒಂದೇ: ‘ಭಾಗೀರಥಿಯ ತ್ಯಾಗವನ್ನು ವರ್ಣಿಸಿ.’ ಒಮ್ಮೆ ಏಳನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಅವಳನ್ನು ಕೇಳಿದರಾ?” ಎಂದಳು. ತರಗತಿ ನಕ್ಕಿತು. ನಗುವಂಥ ಪ್ರಶ್ನೆಯಲ್ಲ ಅದು. ತ್ಯಾಗವೆಂದರೆ ತನ್ನದನ್ನು ತಾನೇ ಕೊಡುವುದು. ಮಾವನೂ ಜೋಯಿಸನೂ ಕೂತು ತೀರ್ಮಾನಿಸಿ ಇನ್ನೊಬ್ಬರ ಪ್ರಾಣ ಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ. ಹಾಡು ಕಟ್ಟಿದ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಲ್ಲದಿದ್ದರೆ ಮಗನನ್ನೂ ಅದೇ ನೀರಿನಲ್ಲಿ ಮುಳುಗಿಸಿ ಗೌಡನ ಮನೆಯನ್ನು ಬರಿದು ಮಾಡುತ್ತಿರಲಿಲ್ಲ. ನಿಜವಾಗಿ ಇಂಥ ಬಲಿ ನಡೆದಿತ್ತೋ ಇಲ್ಲವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಕೆರೆಯ ಕೀರ್ತಿ ಒಬ್ಬರಿಗೆ, ಅದರ ಬೆಲೆ ಇನ್ನೊಬ್ಬರಿಗೆ ಎಂಬ ಲೆಕ್ಕವನ್ನು ಹಾಡು ಸರಿಯಾಗಿ ಇಟ್ಟಿದೆ.

ಚನ್ನಗಿರಿಯ ಸೂಳೆಕೆರೆಯ ಕಥೆಯೂ ಇಂಥದೇ. ಅಂಥ ದೊಡ್ಡ ಕೆರೆ ನಮ್ಮ ನಾಡಿನಲ್ಲಿ ಅಪರೂಪ. ಕೆರೆ ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ ಎಂದು ಪ್ರತೀತಿ. ಆದರೆ ಆ ನೆಲ ಸೂಳೆಯರದಾಗಿತ್ತಂತೆ. ತಮ್ಮ ಹೆಸರಿನಿಂದಲೇ ಕೆರೆಯನ್ನು ಕರೆಯಬೇಕೆಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರಂತೆ. ಜನ ಆ ಕರಾರನ್ನು ಇಷ್ಟು ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಸರ್ಕಾರದ ಫಲಕದಲ್ಲಿ ಮಾತ್ರ ‘ಶಾಂತಿಸಾಗರ’ ಎಂದಿದೆ. ಮರ್ಯಾದಸ್ಥರಿಗೆ ಹಳೆಯ ಹೆಸರು ಹೇಳಲು ನಾಚಿಕೆಯಂತೆ! ನೆಲ ಕೊಟ್ಟ ಹೆಂಗಸರು ಕೇಳಿದ್ದ ಏಕೈಕ ಪರಿಹಾರ ಅದು.

ಈಗ ಬಿತ್ತುವಟ್ಟಕ್ಕೆ ಬರೋಣ. ಕೆರೆ ಕಟ್ಟುವುದು ಒಂದು ಸಾರಿಯ ಕೆಲಸ, ಉಳಿಸುವುದು ವರ್ಷ ವರ್ಷದ ಕೆಲಸ. ಹೂಳು ತೆಗೆಯಬೇಕು, ಏರಿಯ ಮೇಲೆ ಬೆಳೆದ ಗಿಡ ಕೀಳಬೇಕು, ತೂಬಿನ ಕಲ್ಲು ಸರಿಪಡಿಸಬೇಕು, ಕಾಲುವೆ ಬಿಡಿಸಬೇಕು. ಇದಕ್ಕೆಲ್ಲ ಖರ್ಚು ಎಲ್ಲಿಂದ? ನಮ್ಮ ಹಿಂದಿನವರು ರಾಜಧಾನಿಯ ಕಡೆ ನೋಡುತ್ತ ಕೂರಲಿಲ್ಲ. ಕೆರೆಯ ನೆಲದಲ್ಲೇ, ಫಸಲಿನಲ್ಲೇ ಒಂದು ಭಾಗವನ್ನು ಕೆರೆಗೆಂದೇ ಮೀಸಲಿಟ್ಟರು. ಅದೇ ಬಿತ್ತುವಟ್ಟ. ಕಟ್ಟಿದವನಿಗೂ ದುರಸ್ತಿ ಮಾಡಿದವನಿಗೂ ಕೊಟ್ಟ ಭೂಮಿ ಕಟ್ಟುಕೊಡಗೆ. ಹತ್ತರಲ್ಲಿ ಒಂದು ಪಾಲೆಂಬ ಲೆಕ್ಕದ್ದು ದಶವಂದ. ಕೆರೆಯ ಫಸಲೇ ಕೆರೆಯನ್ನು ಸಾಕಬೇಕು ಎಂಬ ಈ ಏರ್ಪಾಡನ್ನು ಯಾವ ಅರ್ಥಶಾಸ್ತ್ರಜ್ಞನೂ ಬಂದು ಕಲಿಸಲಿಲ್ಲ.

ಇನ್ನು ನೀರು ಬಿಡುವವನು ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಎಷ್ಟು ಗಳಿಗೆ ಯಾರ ಮಡಿಗೆ ಎಂದು ಹರಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಕಾವಲಿರುವುದು ಅವನ ಕೆಲಸ. ನೀರು ಕಡಿಮೆಯಾದ ವರ್ಷಕ್ಕೆ ಕೋಲಾರದ ಕಡೆ ದಾಮಾಷಾ ಎಂಬ ಪದ್ಧತಿಯಿತ್ತು. ಇರುವ ನೀರು ಎಷ್ಟು ನೆಲಕ್ಕೆ ಸಾಕು ಎಂದು ಅಂದಾಜು ಮಾಡಿ, ತೂಬಿಗೆ ಹತ್ತಿರದ ಅಷ್ಟು ನೆಲವನ್ನು ಮಾತ್ರ ಬಿತ್ತುವುದು. ಆದರೆ ಆ ನೆಲ ಯಾರದೇ ಆಗಿರಲಿ, ಆ ವರ್ಷದ ಮಟ್ಟಿಗೆ ಅಚ್ಚುಕಟ್ಟಿನ ರೈತರೆಲ್ಲರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಅದರಲ್ಲಿ ಪಾಲು. ಬಾಲಗಾಲುವೆಯ ರೈತ ಉಪವಾಸ ಬೀಳುವ ಹಾಗಿಲ್ಲ, ತೂಬಿನ ಬುಡದ ರೈತ ಕೊಬ್ಬುವ ಹಾಗಿಲ್ಲ. ಬರದ ವರ್ಷ ಸ್ವಂತ ಭೂಮಿಯ ಗಡಿಯನ್ನು ಪಕ್ಕಕ್ಕಿಡುವ ಈ ಕಟ್ಟಳೆಯನ್ನು ಸಮಾಜವಾದದ ಪುಸ್ತಕ ಓದದ ರೈತರು ನಡೆಸಿಕೊಂಡು ಬಂದರು.

ಇಷ್ಟು ಹೇಳಿ ನಾನು ಚಪ್ಪಾಳೆ ನಿರೀಕ್ಷಿಸುವುದಿಲ್ಲ, ಯಾಕೆಂದರೆ ಇನ್ನರ್ಧ ಮಾತು ಬಾಕಿಯಿದೆ. ‘ಹಿಂದೆ ಎಲ್ಲವೂ ಚೆನ್ನಾಗಿತ್ತು’ ಎಂದು ಹಾಡುವವರ ಭಜನೆಗೆ ನಾವು ತಾಳ ಹಾಕಬಾರದು. ದಾಮಾಷಾದಲ್ಲಿ ಪಾಲು ಇದ್ದದ್ದು ಹಿಡುವಳಿ ಇದ್ದವನಿಗೆ ಮಾತ್ರ. ನೀರು ಹಂಚುವ ನೀರುಗಂಟಿ ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ಹೊಲೆಯನೋ ಮಾದಿಗನೋ ಆಗಿದ್ದ. ಅವನ ಕೈಯೇ ತೂಬಿನಲ್ಲಿ ಮುಳುಗಿ ಊರಿಗೆಲ್ಲ ನೀರು ಬಿಡಬೇಕು. ಅದೇ ಕೈ ಊರ ಬಾವಿಯ ಹಗ್ಗ ಮುಟ್ಟಬಾರದು! ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು, ರೈತ ಅಳೆದುಕೊಟ್ಟಷ್ಟು ಕಾಳು ಹೊರಬೇಕು. ಅಳತೆಯ ಕೊಳಗ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಂಥ ಜಗಳ ನಡೆಯುತ್ತದೆಂಬುದನ್ನು 1951ರ ಕಾಗೋಡು ಸತ್ಯಾಗ್ರಹ ನಾಡಿಗೆ ತೋರಿಸಿಕೊಟ್ಟಿತು. ಅಲ್ಲಿ ಗೇಣಿದಾರರಿಗೆ ಸಂಘವಿತ್ತು. ಊರಿಗೆ ಒಂದೇ ಮನೆಯ ನೀರುಗಂಟಿಗೆ ಯಾವ ಸಂಘ?

ಕೆರೆಯ ಸಂಸ್ಕೃತಿ ಎಂದು ಮಾತಾಡುವಾಗ ಮಹಾಡನ್ನು ಮರೆಯುವ ಹಾಗಿಲ್ಲ. ಮುಂಬಯಿ ಪ್ರಾಂತದ ಆ ಊರಿನ ಚವದಾರ ಕೆರೆಯನ್ನು ಪುರಸಭೆ ಎಲ್ಲರಿಗೂ ತೆರೆದಿದ್ದೇವೆಂದು ಕಾಗದದ ಮೇಲೆ ಬರೆದಿತ್ತು. ಆದರೂ ಅಸ್ಪೃಶ್ಯರೆನಿಸಿಕೊಂಡವರು ಇಳಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಕುಡಿದರು. ಸವರ್ಣರು ಮೊದಲು ದೊಣ್ಣೆ ಹಿಡಿದು ಹೊಡೆದರು, ಆಮೇಲೆ ಕೆರೆಯನ್ನು ‘ಶುದ್ಧಿ’ ಮಾಡಿದರು. ಭಾರತದಲ್ಲಿ ಕೆರೆಯ ಇತಿಹಾಸ ಬರೆಯುವವರು ಈ ದಿನಾಂಕವನ್ನು ಬಿಟ್ಟು ಬರೆದರೆ ಅದು ಅರೆ ಇತಿಹಾಸ.

ಈ ಒಪ್ಪಂದ, ಅದರ ಒಳ್ಳೆಯದು ಕೆಟ್ಟದ್ದು ಎರಡೂ ಸೇರಿ, ಮುರಿದದ್ದು ಯಾವಾಗ? ನಮ್ಮ ಕೆರೆಗಳ ಹೆಸರಿನಲ್ಲೇ ಸುಳಿವಿದೆ. ತುಮಕೂರಿನಲ್ಲಿ ಅಮಾನಿಕೆರೆ ಇದೆ, ಕೋಲಾರದಲ್ಲೂ ಇದೆ. ಅಮಾನಿ ಎಂದರೆ ಸರ್ಕಾರ ನೇರವಾಗಿ ತನ್ನ ಕೈಯಲ್ಲಿಟ್ಟುಕೊಂಡದ್ದು. ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ ಕಂದಾಯದ ಲೆಕ್ಕ ಬಿಗಿಯಾಯಿತು; ಕೆರೆ ಇಲಾಖೆಯ ಆಸ್ತಿಯಾಯಿತು. ಬಿತ್ತುವಟ್ಟದ ಭೂಮಿಗಳು ಯಾರ ಯಾರ ಖಾತೆಗೋ ಹೋದವು. ಹೂಳು ತೆಗೆಯುವ ಹೊಣೆ ರೈತನದೋ ಸರ್ಕಾರದ್ದೋ ಎಂದು ಕಾಗದಗಳು ಓಡಾಡುತ್ತಿರುವಾಗ ಹೂಳು ಮಾತ್ರ ತನ್ನ ಪಾಡಿಗೆ ತುಂಬುತ್ತಿತ್ತು. ಆಮೇಲೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು, 1876ರಿಂದ 78ರವರೆಗೆ. 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಮಳೆ ಬಾರದಿದ್ದುದಕ್ಕೆ ಸರ್ಕಾರವನ್ನು ದೂರಲಾಗದು. ಕೆರೆಗಳ ಹೊಣೆ ಯಾರದೂ ಅಲ್ಲದಂತೆ ಮಾಡಿಟ್ಟದ್ದಕ್ಕೆ ದೂರಬಹುದು.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು ನೋಡಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ತೋಟಿ, ತಳವಾರ, ನೀರುಗಂಟಿ ಹುದ್ದೆಗಳು ಹೋದವು. ಹೋಗಬೇಕಾದದ್ದೇ, ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿಯನ್ನು ಉಳಿಸಿರೆಂದು ನಾವು ಕೇಳುವುದಿಲ್ಲ. ಆ ಹುದ್ದೆಗೆಂದು ಇದ್ದ ಇನಾಮು ಭೂಮಿಯನ್ನು ಸರ್ಕಾರ ತೆಗೆದುಕೊಂಡು, ಹಣ ಕಟ್ಟಿಸಿಕೊಂಡು ಅವರಿಗೇ ಮರುಮಂಜೂರು ಮಾಡುವುದೆಂದಾಯಿತು. ಕೈಯಲ್ಲಿ ಕಾಸಿಲ್ಲದವನು, ಅಕ್ಷರ ಬಾರದವನು ಎಲ್ಲಿಂದ ಕಟ್ಟಬೇಕು? 1974ರಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಭೂಸುಧಾರಣೆ ಬಂತು, ಗೇಣಿದಾರರಿಗೆ ಭೂಮಿ ಬಂತು, ನಮಗೆಲ್ಲ ಹೆಮ್ಮೆಯ ವಿಷಯ. ನೀರುಗಂಟಿ ಉಳುವವನಲ್ಲ, ನೀರು ಬಿಡುವವನು. ಗೇಣಿ ಚೀಟಿ ಅವನಲ್ಲಿಲ್ಲ. 1978ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯಿದೆ ಬಂತು. ಅದರ ವ್ಯಾಖ್ಯೆಯನ್ನು ತೆಗೆದು ಓದಿ. ಇನಾಮು ರದ್ದಿಯಾತಿಯಿಂದ ಬಂದ ಭೂಮಿಯನ್ನು ಸೇರಿಸಿದ್ದಾರೆ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು ಎಂದು ಅಲ್ಲಿಯೇ ಹೇಳಿದ್ದಾರೆ. ಅಂದರೆ ಊರಿಗೆಲ್ಲ ನೀರು ಬಿಟ್ಟವನ ತುಂಡು ಭೂಮಿಯೇ ಆ ಬೇಲಿಯ ಹೊರಗೆ ಉಳಿಯಿತು. 2023ರಲ್ಲಿ ಆ ಕಾಯಿದೆಗೆ ತಿದ್ದುಪಡಿ ತಂದಾಗಲೂ ಈ ನಾಲ್ಕು ಶಬ್ದಗಳ ಬಗ್ಗೆ ಗಲಾಟೆ ಮಾಡಿದವರು ಕಡಿಮೆ.

ಒಪ್ಪಂದ ಹೋದ ಮೇಲೆ ಕೆರೆ ಏನಾಗುತ್ತದೆ? ಬೆಂಗಳೂರಿಗೆ ಹೋಗಿ ಬಸ್ಸಿನಿಂದ ಇಳಿದವರೆಲ್ಲ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿಯೇ ಕಾಲಿಡುತ್ತಾರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದಾಗಿನಿಂದ ಪೇಟೆಯವರಿಗೆ ಊರ ಕೆರೆಗಳ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಕೆರೆ ಬರೇ ಖಾಲಿ ಜಾಗ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆದರೆ ಆ ಕೆರೆಗಳ ನೀರಿನಿಂದ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳರು ಅದನ್ನು ಮರೆಯಲಿಲ್ಲ. ಚೈತ್ರದ ಹುಣ್ಣಿಮೆಯ ಕರಗ ಅವರದು. ಆ ಆಚರಣೆ ನೀರಿಲ್ಲದೆ ನಡೆಯುವುದಿಲ್ಲ, ಸಂಪಂಗಿ ಕೆರೆಯ ಅಂಗಳದಲ್ಲಿ ಅದಕ್ಕಾಗಿ ಒಂದು ಸಣ್ಣ ಕೊಳ ಉಳಿದಿದೆ. ತೋಟಗಳು ಹೋದವು, ಕೆರೆ ಹೋಯಿತು, ಅದರ ವಿಳಾಸವನ್ನು ಮಾತ್ರ ದ್ರೌಪದಿಯ ಮಕ್ಕಳು ಕಾಪಾಡಿಕೊಂಡಿದ್ದಾರೆ. ನಗರ ಯೋಜಕರ ನಕ್ಷೆಗಿಂತ ನನಗೆ ಕರಗದ ದಾರಿಯೇ ನಂಬಿಕೆಗೆ ಅರ್ಹವಾದ ದಾಖಲೆಯಾಗಿ ಕಾಣುತ್ತದೆ.

ಅದೇ ನಗರದ ಬೆಳ್ಳಂದೂರು ಕೆರೆ 2017ರಲ್ಲಿಯೂ 2018ರಲ್ಲಿಯೂ ಹೊತ್ತಿಕೊಂಡು ಉರಿಯಿತು. ನೀರಿಗೆ ಬೆಂಕಿ ಬೀಳುವುದನ್ನು ಪುರಾಣದಲ್ಲಿಯೂ ನಾವು ಕಡಿಮೆ ಕೇಳಿದ್ದೇವೆ. ಆ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಸಾವಿರ ಅಡಿ ಕೊರೆದು ಫ್ಲೋರೈಡ್ ನೀರು ಕುಡಿಯುತ್ತಿದ್ದ ರೈತ ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟರೆ ಅವನನ್ನು ನಾನು ಹಳಿಯಲಾರೆ. ಆದರೆ ಆ ನೀರನ್ನು ಇನ್ನೂ ಒಂದು ಹಂತ ಶುದ್ಧಿ ಮಾಡಿ ಕೊಡಿ ಎಂದು ಅವನು ಕೇಳಿದರೆ ಅದಕ್ಕೆ ಸರಿಯಾದ ಉತ್ತರ ಕೊಡುವುದು ರಾಜಧಾನಿಯ ಸಾಲ, ದಾನವಲ್ಲ.

ಕೆರೆಯೆಂದರೆ ಗದ್ದೆಯವನ ನೀರು ಮಾತ್ರ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕುಂಬಾರನಿಗೆ ಅದರ ಜೇಡಿ, ಬೆಸ್ತನಿಗೆ ಮೀನು, ಮಡಿವಾಳನಿಗೆ ಕಲ್ಲು, ಭೂಮಿಯಿಲ್ಲದವಳ ಮೇಕೆಗೆ ಬೇಸಗೆಯ ಗರಿಕೆ. ಮಲೆನಾಡಿನ ಸೊರಬ, ಸಾಗರದ ಕಡೆ ಕೆರೆಬೇಟೆಯ ದಿನ ಕೂಣಿ ಹಿಡಿದು ಇಡೀ ಸೀಮೆಯೇ ನೀರಿಗಿಳಿಯುತ್ತದೆ. ಈಗ ಮೀನಿಗೆ ಹರಾಜು, ಜೇಡಿಗೆ ಇಟ್ಟಿಗೆ ಗೂಡಿನವರ ಜೆಸಿಬಿ. ‘ಹೂಳೆತ್ತುವ ಯೋಜನೆ’ ಎಂದು ಫಲಕ ಹಾಕಿದ ಕಡೆ ಸಂಗಾತಿಗಳು ಒಂದು ದಿನ ನಿಂತು, ಲಾರಿ ಯಾರ ಹೊಲಕ್ಕೆ ಹೋಗುತ್ತದೆಂದು ಎಣಿಸಬೇಕು.

2014ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆಂದು ಕಾಯಿದೆಯಾಗಿದೆ. ಒತ್ತುವರಿ ತೆರವು ಮಾಡುವ ಅಧಿಕಾರ ಕಾಗದದಲ್ಲಿದೆ. ಅಧಿಕಾರವಿರುವವರು ಬರಲಿ ಎಂದು ಕಾಯುವುದಾದರೆ ನಾವು ಈ ಶಿಬಿರ ನಡೆಸಬೇಕಾಗಿರಲಿಲ್ಲ. ಆದುದರಿಂದ ಪ್ರತಿಯೊಂದು ಗ್ರಾಮ ಶಾಖೆಯೂ ಈ ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ತಾಲ್ಲೂಕು ಭೂಮಾಪನ ಕಚೇರಿಯಿಂದ ಗ್ರಾಮನಕ್ಷೆ ಪಡೆಯಿರಿ. ಕೆರೆಯ ಸರ್ವೆ ನಂಬರು, ವಿಸ್ತೀರ್ಣ, ಮೇಲಿನಿಂದ ಬರುವ ಕಾಲುವೆ, ಕೋಡಿ ಹಳ್ಳ, ಇವನ್ನು ನಕ್ಷೆಯಲ್ಲಿ ಗುರುತಿಸಿ, ಊರವರೊಡನೆ ನಡೆದು ತಾಳೆ ನೋಡಿ. ನೀರುಗಂಟಿಯ ಮನೆತನ ಇನ್ನೂ ಊರಲ್ಲಿದ್ದರೆ, ಆ ಮನೆಯ ಹಿರಿಯರನ್ನು ಮುಂದಿಟ್ಟುಕೊಂಡೇ ನಡೆಯಿರಿ. ತೂಬು ಎಲ್ಲಿದೆ, ಹೂತುಹೋದ ಕಾಲುವೆ ಯಾವುದು ಎಂಬುದು ಅವರಿಗಿಂತ ಚೆನ್ನಾಗಿ ಯಾವ ಸರ್ವೇಯರಿಗೂ ತಿಳಿಯದು. ಅವರ ಇನಾಮು ಭೂಮಿ ಮರುಮಂಜೂರಾಯಿತೇ, ಆಗಿದ್ದರೆ ಈಗ ಯಾರ ಅನುಭವದಲ್ಲಿದೆ ಎಂದು ಪಹಣಿ ತೆಗೆಸಿ ಪಟ್ಟಿಮಾಡಿ. ಪಟ್ಟಿ ಬಂದ ಮೇಲೆ ಜಿಲ್ಲಾ ಸಮಿತಿ ಅದನ್ನು ಜಿಲ್ಲಾಧಿಕಾರಿಗಳ ಮುಂದಿಡುತ್ತದೆ.

ಗಡಿ ನೋಡುವ ಕೆಲಸ ಮುಂಗಾರಿಗೆ ಮುಂಚೆಯೇ ಮುಗಿಯಬೇಕು. ನೀರು ನಿಂತರೆ ಅಂಗಳದ ಗಡಿಕಲ್ಲುಗಳು ಕಾಣುವುದಿಲ್ಲ, ನೀರು ನಿಲ್ಲದಿದ್ದರೆ ಬೇಲಿ ಹಾಕುವವರು ನಮಗಿಂತ ಮೊದಲೇ ಬಂದಿರುತ್ತಾರೆ.